ಇಂಡಿಯ ಲಿಂಬೆ, ಗೋಲಿಯ ಸೋಡಾ



ಈ ಲೇಖನ ಓದುವ ಮೊದಲು ಒಮ್ಮೆ ಎದ್ದು ಅಡುಗೆಮನೆಗೆ ಹೋಗಿ ಬನ್ನಿ. ಫ್ರಿಜ್ಜಿನ ಕೆಳಖಾನೆಯಲ್ಲಿ ಎರಡೋ ಮೂರೋ ಲಿಂಬೆಹಣ್ಣು ಇದ್ದೇ ಇರುತ್ತವೆ. ಒಂದನ್ನು ಕೈಗೆತ್ತಿಕೊಂಡು ಉಗುರಿನಿಂದ ಮೆಲ್ಲನೆ ಗೀರಿ ಮೂಸಿ ನೋಡಿ. ಸಿಪ್ಪೆ ಕಾಗದದ ಹಾಗೆ ತೆಳ್ಳಗಿದೆ, ಅಲ್ಲವೇ? ಅದಕ್ಕೇ ಇದಕ್ಕೆ ‘ಕಾಗ್ಜಿ ಲಿಂಬೆ’ ಎಂಬ ಹೆಸರು. ಮುಂಬಯಿಯ ತರಕಾರಿಯವನ ಹತ್ತಿರ ನೀವು ಇದನ್ನು ‘ಲಿಂಬೂ’ ಎಂದು ಕೇಳಿ ತರುತ್ತೀರಿ. ನಿಮ್ಮ ಅಜ್ಜಿ ಮೈಸೂರಿನ ಕಡೆಯವರಾದರೆ ‘ನಿಂಬೆಹಣ್ಣು’ ಎನ್ನುತ್ತಾರೆ, ಮಂಗಳೂರು ಕಡೆಯವರಾದರೆ ‘ಲಿಂಬೆಹುಳಿ’, ನನ್ನಂತೆ ವಿಜಯಪುರದ ಕಡೆಯವರಾದರೆ ‘ಲಿಂಬಿಕಾಯಿ’. ಹೆಸರು ಏನೇ ಇರಲಿ, ಈ ಹಣ್ಣು ಎಲ್ಲಿಂದ ಬಂತು ಎಂದು ನೀವು ಯಾವತ್ತಾದರೂ ಕೇಳಿದ್ದುಂಟೇ?

ಕೇಳಿದರೆ ತರಕಾರಿಯವನು ‘ವಾಶಿಯಿಂದ’ ಎನ್ನುತ್ತಾನೆ. ಅವನ ಪಾಲಿಗೆ ಜಗತ್ತಿನ ಎಲ್ಲ ಫಲವೂ ವಾಶಿಯ ಮಾರುಕಟ್ಟೆಯಲ್ಲಿಯೇ ಬೆಳೆಯುತ್ತದೆ! ವಾಶಿಗೆ ಬರುವ ಲಿಂಬೆ ಆಂಧ್ರದ್ದಿರಬಹುದು, ಗುಜರಾತಿನದ್ದಿರಬಹುದು, ಮಹಾರಾಷ್ಟ್ರದ್ದೇ ಇರಬಹುದು. ಆದರೆ ಅದು ಕರ್ನಾಟಕದ್ದಾಗಿದ್ದರೆ ಬಹುಮಟ್ಟಿಗೆ ವಿಜಯಪುರ ಜಿಲ್ಲೆಯದು, ಅದರಲ್ಲೂ ಇಂಡಿ ತಾಲೂಕಿನ ಸುತ್ತಿನದು ಎಂದು ತಿಳಿಯಬಹುದು. ಇಡೀ ರಾಜ್ಯದಲ್ಲಿ ಲಿಂಬೆ ಹೆಚ್ಚು ಬೆಳೆಯುವ ಜಿಲ್ಲೆ ಅದು. ಲಿಂಬೆಗೆಂದೇ ರಾಜ್ಯ ಸರಕಾರ ಒಂದು ಅಭಿವೃದ್ಧಿ ಮಂಡಳಿಯನ್ನು ಮಾಡಿ ಅದರ ಕಚೇರಿಯನ್ನು ಇಂಡಿಯಲ್ಲಿಯೇ ಇಟ್ಟಿದೆ. 2023ರಲ್ಲಿ ‘ಇಂಡಿ ಲಿಂಬೆ’ಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು. ಮೈಸೂರು ಮಲ್ಲಿಗೆಗೆ, ಉಡುಪಿಯ ಮಟ್ಟುಗುಳ್ಳಕ್ಕೆ ಇರುವಂಥದ್ದೇ ಗೌರವ ಇದು.

ಈ ಸಲ ರಜೆಯಲ್ಲಿ ಊಟಿ, ಗೋವಾ ಎಂದು ಹೊರಡುವ ಮೊದಲು ಈ ಹಳದಿ ಹಣ್ಣಿನ ಊರಿಗೆ ಒಂದು ಸಲ ಹೋಗಿ ಬನ್ನಿ ಎಂದು ನಿಮ್ಮನ್ನು ಕರೆಯುತ್ತಿದ್ದೇನೆ. ದಾರಿ ಬಹಳ ಸುಲಭ. ಛತ್ರಪತಿ ಶಿವಾಜಿ ಟರ್ಮಿನಸ್ಸಿನಿಂದ ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವ ಹೊತ್ತಿಗೆ ಸೊಲ್ಲಾಪುರ. ಕಲ್ಯಾಣದಲ್ಲಿ ಹತ್ತುವವರು, ಪುಣೆಯಲ್ಲಿ ಹತ್ತುವವರು, ಎಲ್ಲ ಸೇರಿ ಗಾಡಿ ತುಂಬಿರುತ್ತದೆ. ಟಿಕೇಟು ಮೊದಲೇ ಮಾಡಿಸಿಡಿ.

ಗಾಡಿಯ ಹೆಸರನ್ನು ಸ್ವಲ್ಪ ಗಮನಿಸಿ. ಸಿದ್ಧೇಶ್ವರ ಎಂದರೆ ಬೇರೆ ಯಾರೂ ಅಲ್ಲ, ಹನ್ನೆರಡನೆಯ ಶತಮಾನದ ನಮ್ಮ ವಚನಕಾರ ಸಿದ್ಧರಾಮ. ಸೊನ್ನಲಿಗೆಯ ಸಿದ್ಧರಾಮ ಎಂದು ಶಾಲೆಯ ಪಠ್ಯದಲ್ಲಿ ಓದಿದವರು ನಿಮ್ಮ ತಾಯಿತಂದೆಯರು. ಆ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಕೆರೆ ಕಟ್ಟಿಸಿದ ಪುಣ್ಯಾತ್ಮ, ‘ಕಪಿಲಸಿದ್ಧ ಮಲ್ಲಿಕಾರ್ಜುನ’ ಎಂಬ ಅಂಕಿತದಲ್ಲಿ ಕನ್ನಡ ವಚನ ಬರೆದವನು. ಮಹಾರಾಷ್ಟ್ರದ ಒಂದು ಊರಿನಿಂದ ಮುಂಬಯಿಗೆ ದಿನಾ ರಾತ್ರಿ ಓಡಾಡುವ ಗಾಡಿಗೆ ಕನ್ನಡದ ವಚನಕಾರನ ಹೆಸರಿದೆ ಎಂಬುದು ನಮ್ಮ ಎಷ್ಟು ಜನಕ್ಕೆ ಗೊತ್ತು? ಸಮಯವಿದ್ದರೆ ಕೆರೆಯ ನಡುವಿನ ಗುಡಿಗೆ ಹೋಗಿ ಬನ್ನಿ. ಗುಡಿಯ ಮುಂದೆ ಹೂ ಮಾರುವ ಮುದುಕಿ ನಿಮ್ಮ ಮುಖ ನೋಡಿ ಮರಾಠಿಯಲ್ಲಿ ಶುರು ಮಾಡುತ್ತಾಳೆ; ನೀವು ಕನ್ನಡದಲ್ಲಿ ಉತ್ತರಿಸಿ ನೋಡಿ, ಆಮೇಲೆ ಅವಳ ಮಾತು ನಿಲ್ಲಿಸುವುದು ಕಷ್ಟ. ಹಾಗೆಯೇ ಅಲ್ಲಿಯ ಶೇಂಗಾ ಚಟ್ನಿಪುಡಿಯ ಒಂದು ಪೊಟ್ಟಣ ಕಟ್ಟಿಸಿಕೊಳ್ಳಿ. ಅದರ ಬಗ್ಗೆ ಬೇರೆಯೇ ಲೇಖನ ಬರೆಯಬೇಕು, ಇಲ್ಲಿ ಬೇಡ.

ಸೊಲ್ಲಾಪುರದಿಂದ ವಿಜಯಪುರದ ಬಸ್ಸು ಹತ್ತಿದರೆ ಟಾಕಳಿ ದಾಟಿ ಭೀಮಾ ನದಿಯ ಸೇತುವೆ ಬರುತ್ತದೆ. ಈ ದಡ ಮಹಾರಾಷ್ಟ್ರ, ಆ ದಡ ಕರ್ನಾಟಕ. ಫಲಕಗಳ ಲಿಪಿ ಬದಲಾಗುತ್ತದೆ, ಅಷ್ಟೇ. ಮಣ್ಣು ಅದೇ ಕರಿ ಎರೆ, ಜೋಳದ ಹೊಲ ಅದೇ, ಬಸ್ಸಿನಲ್ಲಿ ಕೂತವರ ಮಾತೂ ಅದೇ. ಒಂದೇ ವಾಕ್ಯದಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ಧೂಳಖೇಡ ಕಳೆದು ಝಳಕಿಯಲ್ಲಿ ಇಳಿದುಕೊಂಡರೆ ಅಲ್ಲಿಂದ ಇಂಡಿಗೆ ಬೇರೆ ವಾಹನ ಸಿಗುತ್ತದೆ. ರೈಲಿನಲ್ಲಿಯೇ ಹೋಗುತ್ತೇನೆ ಎನ್ನುವವರು ಹೊಟಗಿಯ ಮೇಲಿಂದ ಗದುಗಿನ ಮಾರ್ಗ ಹಿಡಿದು ಇಂಡಿ ರೋಡ್ ಸ್ಟೇಶನ್ನಿನಲ್ಲಿ ಇಳಿಯಬಹುದು. ಅದೇ ಮಾರ್ಗದಲ್ಲಿದೆ ನಿಂಬಾಳ ಸ್ಟೇಶನ್ನು. ‘ನಿಂಬೆಯ ನಾಡಿನಲ್ಲಿ ನಿಂಬಾಳ!’ ಎಂದು ನಗಬೇಡಿ. ಆ ಊರು ಪ್ರಸಿದ್ಧವಾಗಿರುವುದು ಗುರುದೇವ ರಾನಡೆಯವರಿಂದ. ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಆ ತತ್ತ್ವಜ್ಞಾನಿ ಕೊನೆಗೆ ಬಂದು ನೆಲೆಸಿದ್ದು, 1957ರಲ್ಲಿ ದೇಹ ಬಿಟ್ಟದ್ದು ಈ ಬಿಸಿಲೂರಿನ ಆಶ್ರಮದಲ್ಲಿ.

ಈ ಸೀಮೆಯನ್ನು ನೋಡಿ ‘ಇಲ್ಲೇನಿದೆ, ಬರೀ ಬಿಸಿಲು’ ಎಂದು ಮೊದಲ ನೋಟಕ್ಕೆ ಅನಿಸುವುದು ಸಹಜ. ಪಶ್ಚಿಮ ಘಟ್ಟದ ಹಸುರು ನೋಡಿದ ಕಣ್ಣಿಗೆ ಇದು ಬಯಲು. ಆದರೆ ಇಲ್ಲಿಂದ ಸ್ವಲ್ಪ ದೂರದ ಹಲಸಂಗಿ ಎಂಬ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದ ಗೆಳೆಯರು ಸೇರಿ ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳನ್ನು ಕೂಡಿಹಾಕಿ 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕ ತಂದರು. ಕನ್ನಡದ ಜನಪದ ಸಾಹಿತ್ಯದ ಸಂಗ್ರಹಕ್ಕೆ ಅದು ದಾರಿ ತೋರಿದ ಪುಸ್ತಕ. ಇಂಥ ಒಣನೆಲದಿಂದ ಅಂಥ ಹಾಡು, ಇಂಥ ಹುಳಿ ಹಣ್ಣು!

ಲಿಂಬೆಯ ತೋಟಕ್ಕೆ ಹೋಗುವಾಗ ಪೂರ್ಣ ತೋಳಿನ ಅಂಗಿ ಹಾಕಿಕೊಳ್ಳಿ. ಗಿಡದ ತುಂಬ ಮುಳ್ಳು. ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ಗುಂಡಗೆ ಹಬ್ಬಿದ ಗಿಡಗಳು, ಒಂದರಿಂದ ಒಂದಕ್ಕೆ ಹದಿನೆಂಟು ಇಪ್ಪತ್ತು ಅಡಿ ಅಂತರ. ಕಾಗ್ಜಿ ಲಿಂಬೆಯನ್ನು ಸಾಮಾನ್ಯವಾಗಿ ಬೀಜದಿಂದಲೇ ಬೆಳೆಸುತ್ತಾರೆ. ಇದರಲ್ಲೊಂದು ಸೋಜಿಗವಿದೆ: ಒಂದು ಬೀಜ ಊರಿದರೆ ಎರಡು ಮೂರು ಸಸಿ ಏಳುತ್ತವೆ, ಅವುಗಳಲ್ಲಿ ಹೆಚ್ಚಿನವು ತಾಯಿಗಿಡದ ಅಚ್ಚು. ಮೂರು ನಾಲ್ಕು ವರ್ಷಕ್ಕೆ ಕಾಯಿ ಬಿಡಲು ಶುರು, ತುಂಬು ಫಸಲಿಗೆ ಏಳೆಂಟು ವರ್ಷ. ಹೂವಿನಿಂದ ಹಣ್ಣಾಗಲು ಐದಾರು ತಿಂಗಳು. ಸಂತೆಗೆ ಒಯ್ಯುವಾಗ ಕಿಲೋ ಲೆಕ್ಕವಿಲ್ಲ, ಸಾವಿರದ ಲೆಕ್ಕದಲ್ಲಿ ಚೀಲ ತುಂಬುತ್ತಾರೆ.

ಈಗ ನಿಮ್ಮಲ್ಲಿ ಯಾರಾದರೂ ಕೇಳಬಹುದು: ಇಷ್ಟೆಲ್ಲ ಬೆಳೆದರೂ ಏಪ್ರಿಲ್ ಮೇ ತಿಂಗಳಲ್ಲಿ, ಬೇಕೇ ಬೇಕಾದಾಗಲೇ, ಲಿಂಬೆ ಯಾಕೆ ಅಷ್ಟು ತುಟ್ಟಿ? ಒಳ್ಳೆಯ ಪ್ರಶ್ನೆ. ಲಿಂಬೆಗಿಡ ವರ್ಷವಿಡೀ ಸ್ವಲ್ಪ ಸ್ವಲ್ಪ ಕಾಯಿ ಬಿಡುತ್ತದಾದರೂ ಹೂವಿಗೆ ಮೂರು ಮುಖ್ಯ ಕಾಲಗಳುಂಟು. ರೈತರು ‘ಬಹಾರ’ ಎನ್ನುತ್ತಾರೆ. ಮಾವು ಹೂ ಬಿಡುವ ಹೊತ್ತಿನ ಅಂಬೆ ಬಹಾರ, ಮುಂಗಾರಿನ ಮೃಗ ಬಹಾರ, ಹಸ್ತ ಮಳೆಯ ಹೊತ್ತಿನ ಹಸ್ತ ಬಹಾರ. ಬೇಸಿಗೆಗೆ ಹಣ್ಣು ಬೇಕೆಂದರೆ ಹಸ್ತ ಬಹಾರದಲ್ಲಿ, ಅಂದರೆ ಸಪ್ಟೆಂಬರ ಅಕ್ಟೋಬರದಲ್ಲಿ ಹೂ ಹಿಡಿಯಬೇಕು. ಹೂ ಬರಿಸುವ ಉಪಾಯವೆಂದರೆ ಗಿಡಕ್ಕೆ ಉಪವಾಸ ಹಾಕುವುದು: ಕೆಲವು ವಾರ ನೀರು ನಿಲ್ಲಿಸಿ ಎಲೆ ಬಾಡಿದ ಮೇಲೆ ಗೊಬ್ಬರ, ನೀರು ಕೊಟ್ಟರೆ ಗಿಡ ಗಾಬರಿಯಾದಂತೆ ಹೂ ತುಂಬಿಕೊಳ್ಳುತ್ತದೆ. ಆದರೆ ಆ ಹೊತ್ತಿಗೆ ಮಳೆ ಹುಯ್ಯುತ್ತಿದ್ದರೆ ಉಪವಾಸ ಹಾಕುವುದೆಂತು? 2021ರ ಹಿಂಗಾರಿನ ಹೊತ್ತಿಗೆ ಹಲವು ಕಡೆ ಆದದ್ದು ಅದೇ. ಮಳೆ ಹೆಚ್ಚಾಗಿ ಹೂ ಕಡಿಮೆಯಾಯಿತು. ಮರುವರ್ಷ ಮಾರ್ಚಿನಲ್ಲೇ ವಿಪರೀತ ಬಿಸಿಲು ಬಿದ್ದು ಇದ್ದ ಕಾಯಿಯೂ ಉದುರಿತು. 2022ರ ಏಪ್ರಿಲಿನಲ್ಲಿ ಒಂದೊಂದು ಲಿಂಬೆಗೆ ಹತ್ತು ರೂಪಾಯಿ, ಅದಕ್ಕೂ ಹೆಚ್ಚು ಕೊಟ್ಟದ್ದು ನಿಮ್ಮ ಅಮ್ಮಂದಿರಿಗೆ ನೆನಪಿರುತ್ತದೆ. ಆಗ ತರಕಾರಿಯವನು ಪುಕ್ಕಟೆ ಹಸಿಮೆಣಸಿನಕಾಯಿ ಹಾಕುವುದನ್ನೂ ಬಿಟ್ಟಿದ್ದ!

ಮಳೆ ಹೆಚ್ಚಾದರೆ ಹೀಗೆ. ಮಳೆಯೇ ಬಾರದಿದ್ದರೆ?

ಇಂಡಿಯ ಹತ್ತಿರದ ಒಂದು ಹಳ್ಳಿಯಲ್ಲಿ ನನ್ನ ಸೋದರಮಾಮನ ಎರಡು ಎಕರೆ ಲಿಂಬೆತೋಟವಿದೆ, ಇನ್ನೂರು ಗಿಡ. ನಾನು 2024ರ ಏಪ್ರಿಲಿನಲ್ಲಿ ಹೋದಾಗ ಮಾಮಾನಿಗೆ ಎಂಬತ್ತು ದಾಟಿತ್ತು. ಹಿಂದಿನ ವರ್ಷ ಮಳೆ ಕೈಕೊಟ್ಟು ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರಕಾರ ಸಾರಿದ್ದು ನೀವು ಪತ್ರಿಕೆಯಲ್ಲಿ ಓದಿರಬಹುದು. ಓದಿದ್ದು ಬೇರೆ, ಅಲ್ಲಿ ನಿಂತು ನೋಡುವುದು ಬೇರೆ. ತೋಟದ ಬೋರು ಜನವರಿಗೇ ಬತ್ತಿತ್ತು. ಬಾವಿಯ ತಳದಲ್ಲಿ ಹಸುರು ನೀರಿನ ಒಂದು ಹೊಂಡ, ಅಷ್ಟೇ. ಎಲೆಗಳು ದೋಣಿಯ ಹಾಗೆ ಮಡಚಿಕೊಂಡಿದ್ದವು. ಹಿಂದೆ ಹೇಳಿದ ಉಪವಾಸ ಇದಲ್ಲ, ಇದು ನಿಜವಾದ ಹಸಿವು. ಊರಿನ ಬಹಳ ಜನ ಟ್ಯಾಂಕರಿನ ನೀರು ಕೊಂಡು ತಂದು ಗಿಡದ ಬುಡಕ್ಕೆ ಬಿಡುತ್ತಿದ್ದರು.

ರಾತ್ರಿ ಊಟವಾದ ಮೇಲೆ ಅಂಗಳದಲ್ಲಿ ಹೊರಸು ಹಾಕಿಕೊಂಡು ಕೂತಾಗ ಮನೆಯಲ್ಲಿ ಅದೇ ಮಾತು. ಮಾಮಾನ ಮಗ ಲೆಕ್ಕ ಬರೆದ ವಹಿ ತೆಗೆದಿಟ್ಟ. “ಟ್ಯಾಂಕರಿಗಿ ಕೊಡೂ ರೊಕ್ಕ ಹಣ್ಣಿನಾಗ ಹೊಳ್ಳಿ ಬರೂದಿಲ್ಲಕ್ಕಾ. ಎಲ್ಲಾ ಗಿಡಕ್ಕೂ ಹಾಕ್ಕೋತ ಕುಂತ್ರ ಸಾಲ ತಲೀಮ್ಯಾಗ ಬರತೈತಿ” ಎಂದ. ಅವನ ಮಗ ಪುಣೆಯಲ್ಲಿ ಕಂಪ್ಯೂಟರ್ ಕಂಪನಿಯಲ್ಲಿದ್ದಾನೆ, ನಿಮ್ಮದೇ ವಯಸ್ಸಿನವನು. ಅವನು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: “ಅಪ್ಪಾ, ಕಡದು ತಗದುಬಿಡ್ರಿ, ಮಳಿ ಆದ ಮ್ಯಾಲ ತೊಗರಿ ಹಾಕಿದ್ರಾತು.” ಆ ಹುಡುಗನನ್ನು ನಾನು ಬೈಯುವುದಿಲ್ಲ. ಲೆಕ್ಕ ನೋಡಿದರೆ ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಮುದುಕರ ಮೇಲೆ ಸಾಲ ಬೀಳಬಾರದು ಎಂಬ ಕಾಳಜಿಯೂ ಅದರಲ್ಲಿತ್ತು.

ಮಾಮಾ ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ನನ್ನ ಕಡೆ ತಿರುಗಿ, “ತಂಗೀ, ಇವು ನಿಮ್ಮವ್ವ ಇದ್ದಾಗ ಹಚ್ಚಿದ ಗಿಡ. ಬೆಳಸೂದು ಎಂಟು ವರ್ಸದ ಕೆಲಸ. ತೊಗರಿ ಮುಂದಿನ ವರ್ಸಾನೂ ಹಾಕಾಕ ಬರತೈತಿ, ಲಿಂಬಿ ಮುಂದಿನ ವರ್ಸಕ್ಕ ಬರೂದಿಲ್ಲ” ಎಂದ. ಮುಂಬಯಿಯಲ್ಲಿ ಕೂತು ಲಿಂಬೆ ಹಿಂಡುವ ನಾನು ಏನು ಸಲಹೆ ಕೊಡಲಿ? ಕೊನೆಗೆ ಅಪ್ಪ ಮಗ ಸೇರಿ ಮಾಡಿದ ತೀರ್ಮಾನ ಇದು: ಬಾವಿಯ ಹತ್ತಿರದ ನೂರಾ ಇಪ್ಪತ್ತು ಗಿಡಕ್ಕೆ ಮಾತ್ರ ಟ್ಯಾಂಕರಿನ ನೀರು. ಆಚೆಯ ಎಂಬತ್ತು ಗಿಡಗಳ ಟೊಂಗೆಗಳನ್ನು ಬೋಳಾಗುವಂತೆ ಸವರಿ, ಬುಡಕ್ಕೆ ಕಬ್ಬಿನ ರವದಿ ಮುಚ್ಚಿ ದೇವರಿಗೆ ಬಿಡುವುದು. ಮರುದಿನ ಬೆಳಿಗ್ಗೆ ಕೊಡಲಿಯ ಸಪ್ಪಳಕ್ಕೆ ನನಗೆ ಎಚ್ಚರವಾಯಿತು. ಮಾಮಾ ಆ ಕಡೆ ಹೋಗಲೇ ಇಲ್ಲ, ಹಿತ್ತಲಲ್ಲಿ ಎಮ್ಮೆಯ ಮೈ ತಿಕ್ಕುತ್ತ ನಿಂತಿದ್ದ.

ಜೂನಿನಲ್ಲಿ ಮಳೆ ಬಂತು. ದಸರೆಯ ಹೊತ್ತಿಗೆ ಪುಣೆಯ ಆ ಹುಡುಗನೇ ಊರಿಗೆ ಹೋಗಿ ನನ್ನ ವಾಟ್ಸ್ಯಾಪಿಗೆ ಚಿತ್ರ ಕಳಿಸಿದ. ಎಂಬತ್ತರಲ್ಲಿ ಐವತ್ಮೂರು ಗಿಡ ಚಿಗುರಿದ್ದವು. ಕಸಿಗಿಡವಾಗಿದ್ದರೆ ಬುಡದಿಂದ ಬಂದ ಚಿಗುರು ಬೇರೆ ಜಾತಿಯದಾಗುತ್ತಿತ್ತು. ಬೀಜದ ಗಿಡವಾದ್ದರಿಂದ ಎಲ್ಲಿಂದ ಚಿಗುರಿದರೂ ಅದು ಅದೇ ಲಿಂಬೆ. ಅವನೇ ಒಂದೊಂದನ್ನೂ ಎಣಿಸಿ ಬಂದಿದ್ದನಂತೆ.

ಇರಲಿ, ಬಾಯಾರಿಕೆಯ ವಿಷಯಕ್ಕೆ ಬರೋಣ. ಇಂಡಿಯ ಪೇಟೆಯಲ್ಲಿ ನಡು ಮಧ್ಯಾಹ್ನ, ನಲವತ್ತು ಡಿಗ್ರಿ ದಾಟಿದ ಬಿಸಿಲಿನಲ್ಲಿ, ಒಂದು ಸೋಡಾದಂಗಡಿಯ ನೆರಳು ಸಿಕ್ಕರೆ ಅದಕ್ಕಿಂತ ದೊಡ್ಡ ಸ್ವರ್ಗವಿಲ್ಲ. ಗೋಲಿ ಸೋಡಾವನ್ನು ನೀವು ಮಾಲುಗಳಲ್ಲಿ ಬಣ್ಣದ ಚೀಟಿ ಹಚ್ಚಿದ್ದು ನೋಡಿರಬಹುದು. ಇಲ್ಲಿಯದು ಹಳೆಯ ನಮೂನೆ: ದಪ್ಪ ಹಸುರು ಗಾಜಿನ ಸೀಸೆ, ಕುತ್ತಿಗೆ ಹಿಸುಕಿದಂತೆ, ಒಳಗೆ ಗೋಲಿ. ಅಂಗಡಿಯವರು ಹೆಬ್ಬೆರಳಿಟ್ಟು ಒಮ್ಮೆ ಒತ್ತಿದರೆ ‘ಟಪ್’ ಎಂದು ಗೋಲಿ ಒಳಗೆ ಬಿದ್ದು, ‘ಸೊಂಯ್’ ಎಂದು ಗಾಳಿ ಹೊರಡುತ್ತದೆ. ನಾನು ಹೆಬ್ಬೆರಳಿನಿಂದ ಒತ್ತಿ ನೋಡಿದೆ, ಜಪ್ಪಯ್ಯ ಎಂದರೂ ಅಲುಗಲಿಲ್ಲ. “ಅದು ರೂಢಿ ಬೇಕ್ರಿ ಅಕ್ಕಾರ” ಎಂದು ಅವರು ನಕ್ಕು ಮರದ ಒತ್ತುಗೂಟ ಕೊಟ್ಟರು.

ಈ ಸೀಸೆ ನಮ್ಮದು ಎಂದು ನಾವೆಲ್ಲ ತಿಳಿದಿದ್ದೇವೆ. ಇದರ ಮೂಲ ಇಂಗ್ಲೆಂಡು. ಹೈರಮ್ ಕಾಡ್ ಎಂಬ ಇಂಜಿನಿಯರ್ 1870ರ ದಶಕದ ಮೊದಲಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಅವನ ಯುಕ್ತಿ ನೋಡಿ. ಸೀಸೆಯ ಬಾಯಿಯೊಳಗೆ ಒಂದು ರಬ್ಬರಿನ ಬಳೆ. ಸೀಸೆಯನ್ನು ತಲೆಕೆಳಗು ಮಾಡಿ ನೀರು, ಅನಿಲ ತುಂಬುತ್ತಾರೆ. ಗೋಲಿ ಉರುಳಿ ಬಾಯಿಗೆ ಬಂದು ಕೂರುತ್ತದೆ, ಒಳಗಿನ ಅನಿಲವೇ ಅದನ್ನು ರಬ್ಬರಿಗೆ ಒತ್ತಿ ಹಿಡಿಯುತ್ತದೆ. ಬೂಚೂ ಬೇಡ, ತಗಡಿನ ಮುಚ್ಚಳವೂ ಬೇಡ. ತಪ್ಪಿಸಿಕೊಳ್ಳಲು ಹೊರಟ ಗಾಳಿಯೇ ಬಾಗಿಲು ಹಾಕಿಕೊಳ್ಳುತ್ತದೆ! ಕುತ್ತಿಗೆಯಲ್ಲಿ ಎರಡು ಕಡೆ ಒತ್ತಿದ ಗುಳಿಗಳಿರುವುದು ಕುಡಿಯುವಾಗ ಗೋಲಿ ಅಲ್ಲಿ ನಿಲ್ಲಲಿ ಎಂದು. ಅದು ತಿಳಿಯದೆ ಸೀಸೆಯನ್ನು ತಪ್ಪು ಬದಿಗೆ ಬಗ್ಗಿಸಿದರೆ ಗೋಲಿ ಬಾಯಿಗೆ ಅಡ್ಡ ಬಂದು ಒಂದು ಹನಿಯೂ ಬೀಳದು. ಅಂಗಡಿಯ ಮೂಲೆಯಲ್ಲಿ ಕೈಯಿಂದ ತಿರುಗಿಸುವ ಚಕ್ರದ ಯಂತ್ರವಿತ್ತು. ಸೀಸೆಗಳನ್ನು ಪಂಜರದಲ್ಲಿ ಕೂರಿಸಿ, ಅನಿಲದ ಸಿಲಿಂಡರಿನ ತೂಬು ಬಿಟ್ಟು ಗರಗರ ತಿರುಗಿಸಿ, ನಿಲ್ಲಿಸಿ ತೆಗೆದರೆ ಸೋಡಾ ತಯಾರು. ಈ ಸೀಸೆಯೇ ದಿಲ್ಲಿಯ ಚಾಂದನಿ ಚೌಕದಲ್ಲಿ ‘ಬಂಟಾ’. ಪಂಜಾಬಿಯಲ್ಲಿ ಬಂಟಾ ಎಂದರೂ ಗೋಲಿಯೇ. ಚೆನ್ನೈಯಲ್ಲಿ ಗುಲಾಬಿ ನೀರಿನ ಪರಿಮಳದ ‘ಪನ್ನೀರು ಸೋಡಾ’. ಜಪಾನಿನಲ್ಲಿಯೂ ‘ರಾಮುನೆ’ ಎಂಬ ಹೆಸರಿನಿಂದ ಇದೇ ಗೋಲಿಯ ಸೀಸೆ ಇನ್ನೂ ಉಳಿದಿದೆ.

ನೀರಿನಲ್ಲಿ ಗಾಳಿ ಸೇರಿಸುವ ಹುಚ್ಚು ಅದಕ್ಕೂ ಹಳೆಯದು. 1767ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ವಿಜ್ಞಾನಿ ಲೀಡ್ಸ್ ಊರಿನಲ್ಲಿ ತನ್ನ ಮನೆಯ ಪಕ್ಕದ ಬಿಯರ್ ಭಟ್ಟಿಗೆ ಹೋಗಿ, ಹುಳಿಯುತ್ತಿರುವ ಹಂಡೆಯ ಮೇಲೆ ನೀರು ಹಿಡಿದು ನೋಡಿದ. ಹಂಡೆಯಿಂದ ಏಳುವ ಅನಿಲ ನೀರಿಗಿಳಿದು ಅದು ಚುರುಚುರು ಎನ್ನತೊಡಗಿತು. 1772ರಲ್ಲಿ ಅದರ ವಿಧಾನವನ್ನು ಅಚ್ಚು ಹಾಕಿಸಿದ. ಆ ಅನಿಲವೇ ಇಂಗಾಲದ ಡೈಆಕ್ಸೈಡ್.

ಬೀದಿಯ ಸೋಡಾ ಕುಡಿಯುವಾಗ ನೀರು ಶುದ್ಧವೇ ಎಂದು ವಿಚಾರಿಸಿಕೊಳ್ಳಬೇಕು. ಅನಿಲ ತುಂಬಿದ ಮಾತ್ರಕ್ಕೆ ಕೊಳೆ ನೀರು ಒಳ್ಳೆಯದಾಗುವುದಿಲ್ಲ. ನಮ್ಮ ಮುಂಬಯಿಯ ಉಡುಪಿ ಹೊಟೇಲುಗಳಲ್ಲಿ ‘ಫ್ರೆಶ್ ಲೈಮ್ ಸೋಡಾ’ ಕೇಳಿದರೆ ವೇಟರ್ ‘ಸ್ವೀಟಾ, ಸಾಲ್ಟಾ, ಮಿಕ್ಸಾ?’ ಎಂದು ಒಂದೇ ಉಸಿರಿಗೆ ಕೇಳುತ್ತಾನೆ. ಅದೂ ಚೆನ್ನ. ಆದರೆ ಮನೆಯಲ್ಲಿಯೇ ಮಾಡಿಕೊಂಡರೆ ಆ ಹಣ್ಣಿನ ನಿಜವಾದ ರುಚಿ ಗೊತ್ತಾಗುತ್ತದೆ. ಅಂಗಡಿಯ ಬಣ್ಣದ ಬಾಟಲಿಗಳಲ್ಲಿ ಬರುವ ‘ಲೆಮನ್’ನಲ್ಲಿ ಅನೇಕ ವೇಳೆ ಹಣ್ಣಿನ ರಸಕ್ಕಿಂತ ಪರಿಮಳದ ಎಸೆನ್ಸೇ ಜಾಸ್ತಿ.

ಮಾಡುವ ವಿಧಾನ ಹೇಳುತ್ತೇನೆ. ಹಾಸ್ಟೆಲಿನಲ್ಲಿರುವವರೂ ಮಾಡಬಹುದು.

ಲಿಂಬೆಯ ಪರಿಮಳ ಇರುವುದು ರಸದಲ್ಲಲ್ಲ, ಸಿಪ್ಪೆಯ ಹೊರಪದರದ ಎಣ್ಣೆಯಲ್ಲಿ. ಆದ್ದರಿಂದ ನಾಲ್ಕು ಹಣ್ಣು ಚೆನ್ನಾಗಿ ತೊಳೆದು ಒರೆಸಿ, ಸಣ್ಣ ತುರಿಮಣೆಯಿಂದ ಹೊರಗಿನ ಬಣ್ಣವನ್ನು ಮಾತ್ರ ಮೆಲ್ಲನೆ ತುರಿಯಿರಿ. ಒಳಗಿನ ಬಿಳಿ ಕಂಡ ಕೂಡಲೇ ನಿಲ್ಲಿಸಿ, ಅದು ಕಹಿ. ಈ ತುರಿಯನ್ನು ಒಂದು ಬಟ್ಟಲು, ಎಂದರೆ 200 ಗ್ರಾಂ, ಸಕ್ಕರೆಯಲ್ಲಿ ಹಾಕಿ ಬೆರಳಿನಿಂದ ಚೆನ್ನಾಗಿ ತಿಕ್ಕಿ ಒಂದು ಗಂಟೆ ಮುಚ್ಚಿಡಿ. ಸಕ್ಕರೆ ಒದ್ದೆಮರಳಿನಂತಾಗಿ ಮನೆಯೆಲ್ಲ ಘಮ ಎನ್ನುತ್ತದೆ. ಅದಕ್ಕೆ ಅರ್ಧ ಬಟ್ಟಲು ಬಿಸಿನೀರು ಹಾಕಿ ಕರಗಿಸಿ, ಸೋಸಿ, ಪೂರ್ತಿ ಆರಲು ಬಿಡಿ. ಆಮೇಲೆಯೇ ಹತ್ತು ಹನ್ನೆರಡು ಹಣ್ಣಿನ ರಸ, ಸುಮಾರು 150 ಮಿ.ಲೀ. ಸೇರಿಸಬೇಕು. ರಸವನ್ನು ಕುದಿಸುವವರುಂಟು, ದಯವಿಟ್ಟು ಬೇಡ, ಹಣ್ಣಿನ ಹೊಸತನ ಹೋಗಿ ಬೇಯಿಸಿದ ವಾಸನೆ ಬರುತ್ತದೆ. ಹಿಂಡುವಾಗಲೂ ಸಿಪ್ಪೆ ತಿರುಚಿ ಕೊನೆಯ ಹನಿಗೆ ಆಸೆಪಡಬಾರದು, ಬೀಜ ಜಜ್ಜಿ ಕಹಿ ಬಿಡುತ್ತದೆ. ಈ ಪಾಕ ಗಾಜಿನ ಸೀಸೆಯಲ್ಲಿ ಫ್ರಿಜ್ಜಿನೊಳಗೆ ಒಂದು ವಾರ ಚೆನ್ನಾಗಿರುತ್ತದೆ, ಎಂಟು ಗ್ಲಾಸಿಗೆ ಸಾಕು.

ಕುಡಿಯುವ ಹೊತ್ತಿಗೆ ಒಂದು ಗ್ಲಾಸಿಗೆ ಮೂರು ದೊಡ್ಡ ಚಮಚ ಪಾಕ. ಉಪ್ಪು ಬೇಕಾದವರು ಈಗಲೇ ಹಾಕಿ ಕಲಕಿ ಕರಗಿಸಬೇಕು. ಸೋಡಾ ಸುರಿದ ಮೇಲೆ ಉಪ್ಪು ಹಾಕಿದರೆ ಅದರ ಒಂದೊಂದು ಹರಳಿನ ಮೇಲೂ ಗುಳ್ಳೆ ಕಟ್ಟಿ ನೊರೆ ಉಕ್ಕಿ ಮೇಜಿನ ಪಾಲಾಗುತ್ತದೆ. ನನ್ನ ಮಟ್ಟಿಗೆ ಚಿಟಿಕೆ ಉಪ್ಪು, ಹುರಿದು ಕುಟ್ಟಿದ ಜೀರಿಗೆ ಇಲ್ಲದ ಲಿಂಬೆ ಸೋಡಾ ಅರ್ಧ ಸೋಡಾ. ಕೊನೆಗೆ ತಣ್ಣಗಿನ ಸೋಡಾ 150 ಮಿ.ಲೀ., ಗ್ಲಾಸನ್ನು ಸ್ವಲ್ಪ ಓರೆ ಮಾಡಿ ಗೋಡೆಯ ಮೇಲಿಂದ ಇಳಿಬಿಡಿ. ಚಮಚ ಹಾಕಿ ಗರಗರ ತಿರುವಬೇಡಿ, ಒಂದು ಸಲ ಕೆಳಗಿನಿಂದ ಮೇಲೆತ್ತಿದರೆ ಸಾಕು.

‘ತಣ್ಣಗಿನ’ ಎಂದು ಒತ್ತಿ ಹೇಳಲು ಕಾರಣವಿದೆ. ಸೊನ್ನೆ ಡಿಗ್ರಿಯ ಒಂದು ಲೀಟರು ನೀರು ಸುಮಾರು 1.7 ಲೀಟರಿನಷ್ಟು ಈ ಅನಿಲವನ್ನು ಹಿಡಿದಿಟ್ಟುಕೊಳ್ಳಬಲ್ಲುದು. 20 ಡಿಗ್ರಿಗೆ ಬಂದಾಗ ಅದರ ಶಕ್ತಿ ಅರ್ಧಕ್ಕಿಳಿಯುತ್ತದೆ. ಮೇ ತಿಂಗಳ ಡೊಂಬಿವಲಿಯ ಅಡುಗೆಮನೆಯಲ್ಲಿ ಇನ್ನೆಷ್ಟು ಉಳಿದೀತು? ಆದ್ದರಿಂದ ಪಾಕ, ಸೋಡಾ, ಗ್ಲಾಸು ಮೂರನ್ನೂ ಮೊದಲೇ ತಣ್ಣಗೆ ಮಾಡಿಕೊಳ್ಳಿ. ಮಂಜುಗಡ್ಡೆ ಹಾಕಿ ಸೋಡಾವನ್ನು ಆಮೇಲೆ ತಣಿಸುವುದಕ್ಕಿಂತ ಇದು ಲೇಸು.

ಸೋಡಾ ಎಲ್ಲಿಂದ ತರುವುದು? ಅಂಗಡಿಯ ಬಾಟಲಿ ಸುಲಭ. ಈಗ ಚಿಕ್ಕ ಅನಿಲದ ಡಬ್ಬಿ ಹಾಕಿ ಮನೆಯಲ್ಲೇ ಸೋಡಾ ಮಾಡುವ ಯಂತ್ರಗಳೂ ಸಿಗುತ್ತವೆ. ಅದರಲ್ಲಿ ಬರೀ ನೀರಿಗೆ ಮಾತ್ರ ಅನಿಲ ಹಾಕಿ, ರಸ ಹಾಕಿ ಒತ್ತಿದರೆ ನೊರೆ ಉಕ್ಕಿ ಯಂತ್ರದ ಮೂತಿಯೆಲ್ಲ ಅಂಟಾಗುತ್ತದೆ. ಎರಡೂ ಇಲ್ಲದವರು ಅಡುಗೆಸೋಡಾ ಹಾಕುತ್ತಾರೆ. ಲಿಂಬೆಯ ಆಮ್ಲವೂ ಆ ಪುಡಿಯೂ ಸೇರಿದಾಗ ಗುಳ್ಳೆ ಏಳುವುದು ನಿಜ. ಆದರೆ ಲೆಕ್ಕ ಹಾಕಿ ನೋಡಿ: ಕಾಲು ಚಹಾ ಚಮಚ ಅಡುಗೆಸೋಡಾ ಒಂದು ಸಣ್ಣ ಲಿಂಬೆಯ ಹುಳಿಯನ್ನೆಲ್ಲ ನುಂಗಿಬಿಡುತ್ತದೆ. ಉಳಿಯುವುದು ಸಪ್ಪೆ, ಉಪ್ಪುಪ್ಪು ನೀರು. ಹಾಕಲೇಬೇಕೆಂದರೆ ಎರಡು ಚಿಟಿಕೆ ಹಾಕಿ, ಗುಳ್ಳೆ ಏಳುತ್ತಿರುವಾಗಲೇ ಗಟಗಟ ಕುಡಿದುಬಿಡಿ. ರಕ್ತದೊತ್ತಡ ಇರುವ ಅಜ್ಜ ಅಜ್ಜಿಯರಿಗೆ ಇದು ಬೇಡ. ಮತ್ತೆ ಇನ್ನೊಂದು ಮಾತು: ಪುಡಿ, ರಸ ಎರಡನ್ನೂ ಗಾಜಿನ ಸೀಸೆಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಿ ‘ಪ್ರಯೋಗ’ ಮಾಡಲು ಹೋಗಬೇಡಿ, ಸೀಸೆ ಸಿಡಿಯುತ್ತದೆ. ಸೋಡಾದ ಸೀಸೆಗಳ ಗಾಜು ಅಷ್ಟು ದಪ್ಪಗಿರುವುದು ಶೋಕಿಗಲ್ಲ.

ಹಿಂಡಿದ ಸಿಪ್ಪೆಗಳನ್ನು ಎಸೆಯಬೇಡಿ. ನಾಲ್ಕು ಹೋಳು ಮಾಡಿ, ಧಾರಾಳವಾಗಿ ಕಲ್ಲುಪ್ಪು ಬೆರೆಸಿ ಭರಣಿಯಲ್ಲಿ ತುಂಬಿ, ಮೇಲೆ ಎರಡು ಹಣ್ಣಿನ ರಸ ಹಿಂಡಿ ಬಿಸಿಲಿಗಿಡಿ. ದಿನಕ್ಕೊಂದು ಸಲ ಭರಣಿ ಕುಲುಕಿದರೆ ಸಾಕು. ಮೂರು ನಾಲ್ಕು ವಾರಕ್ಕೆ ಸಿಪ್ಪೆ ಮೆತ್ತಗಾಗಿ ಬಣ್ಣ ತಿರುಗುತ್ತದೆ. ಆಮೇಲೆ ಖಾರದ ಪುಡಿ, ಸ್ವಲ್ಪ ಬೆಲ್ಲ, ಹಿಂಗಿನ ಒಗ್ಗರಣೆ. ಜೋಳದ ರೊಟ್ಟಿಗೂ ಆಗುತ್ತದೆ, ಮೊಸರನ್ನಕ್ಕೂ ಆಗುತ್ತದೆ. ಇಂಡಿಗೆ ಹೋಗುವವರು ಬರುವಾಗ ಒಂದು ಬಟ್ಟೆಯ ಚೀಲದಲ್ಲಿ ಹಣ್ಣು ತನ್ನಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೆವೆತು ಸೊಲ್ಲಾಪುರದೊಳಗೇ ಮೆತ್ತಗಾಗುತ್ತವೆ.